ಲೈಪ್‌ಜಿಗ್ ಉಚ್ಚಾರಣೆಗೆ ಹೆದರಬೇಡಿ, ಆ ಫಾರಂ ನೋಡಿ ತುಂಬಿ

ಸ್ಕೂಲಿನ ಎಕ್ಸ್‌ಚೇಂಜ್‌ನಲ್ಲಿ ನಿಮಗೆ ಜರ್ಮನಿಯ ಲೈಪ್‌ಜಿಗ್ ಊರು ಬಂದಿದೆ. ಅಲ್ಲಿಯ ಸ್ಯಾಕ್ಸನ್ (ಸ್ಯಾಕ್ಸನಿ ಪ್ರಾಂತ್ಯದ) ಜರ್ಮನ್ ಕೇಳಿ ಕೇಳಿ ಉಚ್ಚಾರಣೆ ಕೆಟ್ಟುಹೋಗುತ್ತಾ, ಹ್ಯಾನೋವರ್‌ಗೆ ಹೋಗುವ ಗುಂಪಿಗೆ ಬದಲಾಯಿಸಿಕೊಳ್ಳಲಾ, ಇಲ್ಲಾ ಜರ್ಮನ್ ಕಲಿಕೆಯ ಬಿ1 ಮಟ್ಟ (ಈಗಿರುವ ಎ2ಗಿಂತ ಒಂದು ಮೆಟ್ಟಿಲು ಮೇಲಿನದು) ಮುಗಿಸಿಕೊಂಡು ಮುಂದಿನ ವರ್ಷ ಹೋಗಲಾ ಅಂತ ಕೇಳಿದ್ದೀರಿ. ಓದಿ ನಗು ಬಂತು. ಇದೇ ಊರು, ಇದೇ ಎ2, ಇದೇ ಭಯ ನನಗೂ ಇತ್ತು. ಊರಿನ ಬಗ್ಗೆ ಅಷ್ಟೆಲ್ಲಾ ತಲೆ ಕೆಡಿಸಿಕೊಂಡಿದ್ದ ನಾನು, ನನ್ನ ಜರ್ಮನ್‌ಗೆ ನಿಜವಾಗಿ ಕಲ್ಲು ಹಾಕಿದ ಕೆಲಸವನ್ನು ವಿಮಾನ ಹತ್ತುವುದಕ್ಕೆ ಎಷ್ಟೋ ಮುಂಚೆಯೇ, ಮನೆಯಲ್ಲಿ ಕೂತು, ನೀಟಾದ ಅಕ್ಷರದಲ್ಲಿ ಮಾಡಿ ಮುಗಿಸಿದ್ದೆ.

ಅದು ಒಂದು ಫಾರಂ. ನಿಮಗೂ ಕೊಟ್ಟಿರುತ್ತಾರೆ, ಇಲ್ಲ ಇನ್ನು ಮೇಲೆ ಕೊಡುತ್ತಾರೆ. ನೀವು ಉಳಿದುಕೊಳ್ಳುವ ಮನೆಯವರಿಗೆ ಹೋಗುವ ಫಾರಂ. ವೆಜ್ಜೋ ನಾನ್‌ವೆಜ್ಜೋ, ಯಾವುದಕ್ಕಾದರೂ ಅಲರ್ಜಿ ಇದೆಯಾ, ನಾಯಿ ಬೆಕ್ಕು ಇದ್ದರೆ ಪರವಾಗಿಲ್ವಾ, ಈಜು ಬರುತ್ತಾ. ಕೊನೆಯಲ್ಲಿ ಯಾವ ಯಾವ ಭಾಷೆ ಎಷ್ಟೆಷ್ಟು ಬರುತ್ತೆ ಅಂತ ಒಂದು ಜಾಗ. ಅಲ್ಲಿ ನಾನು ಬರೆದದ್ದು: "ಇಂಗ್ಲಿಷ್ ತುಂಬಾ ಚೆನ್ನಾಗಿ ಬರುತ್ತೆ. ಜರ್ಮನ್ ಸ್ವಲ್ಪ ಮಾತ್ರ, ಕ್ಷಮಿಸಿ."

ಇದರಲ್ಲಿ ತಪ್ಪೇನು ಅನಿಸಬಹುದು. ಸುಳ್ಳಂತೂ ಬರೆದಿರಲಿಲ್ಲ. ನಮ್ಮಲ್ಲಿ ಗೊತ್ತಿದ್ದರೂ "ಅಷ್ಟೇನೂ ಬರಲ್ಲ" ಅನ್ನೋದೇ ಮರ್ಯಾದೆ ಅಲ್ವಾ? ವರ್ಷಗಟ್ಟಲೆ ಸಂಗೀತ ಕಲಿತವರನ್ನು ಹಾಡು ಬರುತ್ತಾ ಅಂತ ಕೇಳಿ ನೋಡಿ, "ಏನೋ ಸ್ವಲ್ಪ" ಅನ್ನುತ್ತಾರೆ. ಕೇಳಿದವರು ಒತ್ತಾಯ ಮಾಡುತ್ತಾರೆ, ಇವರು ಗಂಟಲು ಸರಿಮಾಡಿಕೊಂಡು ಹಾಡುತ್ತಾರೆ. ಆ ಒತ್ತಾಯ ಬಂದೇ ಬರುತ್ತೆ ಅನ್ನೋ ಲೆಕ್ಕದಲ್ಲೇ ನಾವು ಹಾಗೆ ಹೇಳೋದು. ನನ್ನನ್ನು ಇಟ್ಟುಕೊಂಡ ಜರ್ಮನ್ ಮನೆಯವರು ಒತ್ತಾಯ ಮಾಡಲಿಲ್ಲ. ಬರೆದದ್ದನ್ನು ಬರೆದ ಹಾಗೇ ತಗೊಂಡರು. ಪಾಪ, ಹುಡುಗನಿಗೆ ಜರ್ಮನ್ ಅಂದರೆ ಕಷ್ಟ, ಕ್ಷಮೆ ಬೇರೆ ಕೇಳುತ್ತಿದ್ದಾನೆ, ನಾವೆಲ್ಲ ಇಂಗ್ಲಿಷ್‌ನಲ್ಲೇ ಮಾತಾಡೋಣ ಅಂತ ಮನೆಮಂದಿ ಸೇರಿ ತೀರ್ಮಾನ ಮಾಡಿಬಿಟ್ಟರು.

ಆ ಸಾಲನ್ನು ಇನ್ನೂ ಸ್ವಲ್ಪ ಬಿಡಿಸುತ್ತೇನೆ, ಬೇಜಾರಾಗಬೇಡಿ, ಇದನ್ನು ನಾನು ವರ್ಷಗಳಿಂದ ತಲೆಯಲ್ಲಿ ತಿದ್ದುತ್ತಲೇ ಇದ್ದೇನೆ. ಮೊದಲು ಇಂಗ್ಲಿಷ್ ಬರೆದೆ, ಅದೇ ಬಾಗಿಲಾಯಿತು. "ಮಾತ್ರ" ಅಂತ ಸೇರಿಸಿದೆ, ಜರ್ಮನ್ ಕಡೆಯ ಬಾಗಿಲು ಮುಚ್ಚಿತು. "ಕ್ಷಮಿಸಿ" ಅಂದೆನಲ್ಲ, ಅದು ಬೀಗ. ಯಾರಾದರೂ ನಿಮ್ಮೆದುರು ಕ್ಷಮೆ ಕೇಳಿದರೆ ನೀವೇನು ಮಾಡುತ್ತೀರಿ? ಅವರಿಗೆ ಮತ್ತೆ ಆ ಮುಜುಗರ ಆಗದ ಹಾಗೆ ನೋಡಿಕೊಳ್ಳುತ್ತೀರಿ. ಅವರೂ ಅದನ್ನೇ ಮಾಡಿದರು. ನಾನು ಜರ್ಮನ್ ಕಲಿಯೋಕೆ ಹೋಗುತ್ತಿದ್ದೇನೆ ಅನ್ನುವ ಮಾತೇ ಆ ಫಾರಂನಲ್ಲಿ ಎಲ್ಲೂ ಇರಲಿಲ್ಲ. ಅದು ಅವರಿಗೆ ಗೊತ್ತೇ ಇರುತ್ತೆ ಅಂದುಕೊಂಡಿದ್ದೆ.

ಸ್ಟೇಷನ್‌ನಲ್ಲಿ ಇಳಿದರೆ ನನ್ನ ಹೆಸರಿನ ಬೋರ್ಡು, ಕೆಳಗೆ ಇಂಗ್ಲಿಷ್‌ನಲ್ಲಿ ಸ್ವಾಗತ. ನಾನು ರೈಲಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಜರ್ಮನ್ ವಾಕ್ಯ ಬಾಯಲ್ಲೇ ಉಳಿಯಿತು. ಅವರು ಇಂಗ್ಲಿಷ್‌ನಲ್ಲಿ ಪ್ರಯಾಣ ಹೇಗಿತ್ತು ಅಂದರು, ನಾನು ಇಂಗ್ಲಿಷ್‌ನಲ್ಲಿ ಚೆನ್ನಾಗಿತ್ತು ಅಂದೆ. ಅಷ್ಟೇ, ಮುಗೀತು. ಇಬ್ಬರ ನಡುವೆ ಯಾವ ಭಾಷೆ ಅನ್ನೋದು ಮೊದಲ ಗಂಟೆಯಲ್ಲೇ ಗಟ್ಟಿಯಾಗಿಬಿಡುತ್ತೆ. ಆಮೇಲೆ ಬದಲಾಯಿಸೋಕೆ ಹೋದರೆ ನಾಟಕ ಮಾಡಿದ ಹಾಗಿರುತ್ತೆ, ನಾಲಗೆಯೇ ಏಳಲ್ಲ. ನಿಮ್ಮ ಜೊತೆ ಯಾವಾಗಲೂ ಇಂಗ್ಲಿಷ್‌ನಲ್ಲೇ ಮಾತಾಡುವ ಒಬ್ಬ ಕನ್ನಡದ ಫ್ರೆಂಡ್ ಇದ್ದರೆ ನಾಳೆ ಇದ್ದಕ್ಕಿದ್ದ ಹಾಗೆ ಕನ್ನಡದಲ್ಲಿ ಶುರು ಮಾಡಿ ನೋಡಿ, ಗೊತ್ತಾಗುತ್ತೆ.

ರಾತ್ರಿ ಊಟ ಅಂದರೆ ಅಲ್ಲಿ ಬಿಸಿ ಅಡುಗೆ ಇರಲಿಲ್ಲ. ಬ್ರೆಡ್ಡು, ಚೀಸು, ಸೌತೆಕಾಯಿ, ಟೊಮೇಟೊ, ಪ್ರತಿಯೊಬ್ಬರಿಗೂ ತಟ್ಟೆ ಬದಲು ಒಂದು ಪುಟ್ಟ ಮರದ ಹಲಗೆ. ಆ ಮನೆಯ ಅಪ್ಪ ತನ್ನ ಹಲಗೆಯ ಅಂಚಿನ ಕೆಳಗೆ ನಾಲ್ಕು ಮಡಿಕೆ ಮಾಡಿದ ಒಂದು ಚೀಟಿ ಸಿಕ್ಕಿಸಿಕೊಂಡಿರುತ್ತಿದ್ದರು. ಅಂಗಡಿ ಸಾಮಾನಿನ ಪಟ್ಟಿ ಅಂದುಕೊಂಡಿದ್ದೆ. ಆಗಾಗ ಅದರ ಕಡೆ ಕಣ್ಣು ಹಾಯಿಸಿ, ಬೆಣ್ಣೆ ಚಾಕು ಕೆಳಗಿಟ್ಟು, ನಿಧಾನಕ್ಕೆ ಇಂಗ್ಲಿಷ್‌ನಲ್ಲಿ ಕೇಳುತ್ತಿದ್ದರು: ಡಿಸೆಂಬರ್‌ನಲ್ಲಿ ನಿಮ್ಮ ಕಡೆ ಹವಾಮಾನ ಹೇಗಿರುತ್ತೆ? ನಾನು ಇಂಗ್ಲಿಷ್‌ನಲ್ಲಿ ಪಟಪಟ ಅಂತ ಉತ್ತರ ಕೊಡುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು. ಆಮೇಲೆ ಇನ್ನೊಂದು ಪ್ರಶ್ನೆ, ಅದಕ್ಕೂ ಹಿಂದಿನದಕ್ಕೂ ಸಂಬಂಧವೇ ಇರುತ್ತಿರಲಿಲ್ಲ. ಏನಪ್ಪಾ ಈ ಮನುಷ್ಯ, ಸಂದರ್ಶನ ಮಾಡುತ್ತಿದ್ದಾರಾ ಅನಿಸುತ್ತಿತ್ತು.

ಮೊದಲ ವಾರ ಪೂರ್ತಿ ಹೀಗೇ ಹೋಯಿತು. ಒಂದು ರಾತ್ರಿ ನೀರು ಕುಡಿಯೋಕೆ ಅಡುಗೆಮನೆಗೆ ಹೋದೆ. ಫ್ರಿಜ್ಜಿನ ಬಾಗಿಲ ಮೇಲೆ ಮ್ಯಾಗ್ನೆಟ್ ಹಾಕಿ ನನ್ನದೇ ಫಾರಂ ಅಂಟಿಸಿದ್ದರು. ಭಾಷೆಯ ಸಾಲಿನ ಮೇಲೆ ಹಳದಿ ಹೈಲೈಟರ್ ಎಳೆದಿತ್ತು. ಪಕ್ಕದಲ್ಲೇ ಆ ಚೀಟಿ. ಊಟದ ಹೊತ್ತಿಗೆ ಕೇಳಬೇಕಾದ ಪ್ರಶ್ನೆಗಳು, ಇಂಗ್ಲಿಷ್‌ನಲ್ಲಿ, ಕೆಲವು ಕಡೆ ಹೊಡೆದು ತಿದ್ದಿ ಬರೆದದ್ದು. ನನ್ನ ಪಾರ್ಟ್ನರ್ ಹುಡುಗನನ್ನು, ಅಂದರೆ ಎಕ್ಸ್‌ಚೇಂಜ್‌ನಲ್ಲಿ ನನಗೆ ಜೋಡಿಯಾಗಿದ್ದ ಆ ಮನೆಯ ಮಗನನ್ನು, ಕೇಳಿದೆ. ಅವನು ಭುಜ ಹಾರಿಸಿ, ಅಪ್ಪನಿಗೆ ಇಂಗ್ಲಿಷ್ ಬರಲ್ಲ, ನಿನಗೋಸ್ಕರ ರಾತ್ರಿ ಕೂತು ತಯಾರಿ ಮಾಡುತ್ತಾರೆ ಅಂದ.

ಲೈಪ್‌ಜಿಗ್ ಹಳೆಯ ಪೂರ್ವ ಜರ್ಮನಿಯ ಊರು, 1990ರವರೆಗೆ ಅದು ಸೋವಿಯತ್ ಕಡೆಗಿದ್ದ ಬೇರೆ ದೇಶ. ಅಲ್ಲಿ ಐದನೇ ಕ್ಲಾಸಿನಿಂದ ಎಲ್ಲರಿಗೂ ಕಡ್ಡಾಯವಾಗಿ ಕಲಿಸುತ್ತಿದ್ದ ವಿದೇಶಿ ಭಾಷೆ ರಷ್ಯನ್. ಇಂಗ್ಲಿಷ್ ಏನಿದ್ದರೂ ಆಮೇಲೆ. ಅಂದರೆ ಜರ್ಮನ್ ಕಲಿಯೋಕೆ ಅಂತ ಅಷ್ಟು ದೂರ ಹೋದ ಹುಡುಗ, ಜರ್ಮನ್ ಬಿಟ್ಟು ಬೇರೇನೂ ಸಲೀಸಾಗಿ ಬಾರದ ಒಬ್ಬರ ಎದುರು ದಿನಾ ಕೂತು, ಅವರ ಕೈಲಿ ಇಂಗ್ಲಿಷ್ ಮಾತಾಡಿಸುತ್ತಿದ್ದ. ನನ್ನ ಉತ್ತರಗಳಲ್ಲಿ ಅವರಿಗೆ ಅರ್ಧವೂ ತಿಳಿದಿರಲಿಲ್ಲ, ಅದಕ್ಕೇ ಮುಂದಿನ ಪ್ರಶ್ನೆ ಎತ್ತಲಿಂದಲೋ ಬರುತ್ತಿದ್ದದ್ದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ ಅಂತ ಹೇಳಬೇಕು, ಆದರೆ ಅಜ್ಜಿಯ ತೋಟದ ಕಥೆ ಹೇಳದೆ ಉಚ್ಚಾರಣೆಯ ವಿಷಯ ಹೇಳೋಕಾಗಲ್ಲ.

ಎರಡನೇ ವಾರ ನಾನೇ ಬಾಯಿಬಿಟ್ಟು ಕೇಳಿದೆ, ಜರ್ಮನ್‌ನಲ್ಲಿ ಮಾತಾಡಿ ಅಂತ. ಅಪ್ಪನ ಮುಖ ಅರಳಿತು. ಅಮ್ಮ ಮತ್ತು ಪಾರ್ಟ್ನರ್ ಎರಡು ವಾಕ್ಯ ಜರ್ಮನ್ ಆಡಿ ಮತ್ತೆ ಇಂಗ್ಲಿಷ್‌ಗೆ ಜಾರುತ್ತಿದ್ದರು, ಅಭ್ಯಾಸ ಬಿದ್ದುಹೋಗಿತ್ತು. ಅದರಲ್ಲೂ ಪಾರ್ಟ್ನರ್‌ಗೆ ಬದಲಾಗೋ ಮನಸ್ಸೇ ಇರಲಿಲ್ಲ. ಇದನ್ನು ಯಾರೂ ಮೊದಲೇ ಹೇಳಲ್ಲ ನೋಡಿ: ಅವನಿಗೂ ಇದು ಎಕ್ಸ್‌ಚೇಂಜೇ. ಅವನ ಸ್ಕೂಲಿನಲ್ಲಿ ಇಂಗ್ಲಿಷ್‌ಗೆ ಮಾರ್ಕ್ಸ್ ಇದೆ, ಕ್ಲಾಸಿನಲ್ಲಿ ಬಾಯಿಬಿಟ್ಟು ಮಾತಾಡಿದ್ದಕ್ಕೂ ಮಾರ್ಕ್ಸ್ ಇದೆ, ನೀವು ಅವನ ಪಾಲಿಗೆ ಮನೆಗೇ ಬಂದ ಪುಕ್ಕಟೆ ಇಂಗ್ಲಿಷ್ ಟ್ಯೂಷನ್. ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ, ಮೊದಲ ದಿನವೇ ಒಪ್ಪಂದ ಮಾಡಿಕೊಳ್ಳಿ. ಸ್ಕೂಲಿನಿಂದ ರಾತ್ರಿ ಊಟ ಮುಗಿಯೋವರೆಗೆ ಜರ್ಮನ್, ಆಮೇಲೆ ಅವನ ರೂಮಿನಲ್ಲಿ ಇಂಗ್ಲಿಷ್. ಅವನು ನಿಮ್ಮ ಮನೆಗೆ ಬಂದಾಗ ಇಡೀ ದಿನ ಇಂಗ್ಲಿಷ್ ಕೊಡಿ, ಲೆಕ್ಕ ಚುಕ್ತಾ.

ಅಜ್ಜಿ ಬೇರೆಯೇ. ಅವರಿಗೆ ಸ್ಕೂಲಿನ ಎರಡು ಸಾಲು ರಷ್ಯನ್ ಪದ್ಯ ನೆನಪಿತ್ತು, ಇಂಗ್ಲಿಷ್ ಸೊನ್ನೆ. ಊರಂಚಿನಲ್ಲಿ ಅವರದ್ದೊಂದು ಬಾಡಿಗೆ ತೋಟ ಇತ್ತು. ಸಾಲು ಸಾಲಾಗಿ ಬೇಲಿ ಹಾಕಿದ ಪುಟ್ಟ ಪುಟ್ಟ ತೋಟಗಳು, ಒಂದೊಂದರಲ್ಲೂ ಒಂದು ಗುಡಿಸಲಿನಷ್ಟು ಮನೆ. ಶ್ರೇಬರ್‌ಗಾರ್ಟನ್ ಅಂತಾರೆ. ಆ ಹೆಸರು ಹುಟ್ಟಿದ್ದೇ ಲೈಪ್‌ಜಿಗ್‌ನಲ್ಲಿ. 1864ರಲ್ಲಿ ಡಾಕ್ಟರ್ ಶ್ರೇಬರ್ ಅನ್ನುವವರ ನೆನಪಿಗೆ ಮಕ್ಕಳ ಆಟದ ಬಯಲಿಗಾಗಿ ಒಂದು ಸಂಘ ಶುರುವಾಯಿತು, ಬಯಲಿನ ಅಂಚಿಗೆ ತೋಟಗಳು ಬಂದವು, ಕೊನೆಗೆ ತೋಟವೇ ಮುಖ್ಯವಾಯಿತು. ಈಗ ಇದಕ್ಕೆ ಇಡೀ ದೇಶಕ್ಕೆ ಅನ್ವಯಿಸೋ ಕಾನೂನೇ ಇದೆ: ತೋಟ 400 ಚದರ ಮೀಟರ್ ದಾಟಬಾರದು, ಗುಡಿಸಲು 24 ಚದರ ಮೀಟರ್ ದಾಟಬಾರದು. ಅಜ್ಜಿಗೆ ಪಕ್ಕದ ತೋಟದವರ ಜಗಲಿ ಒಂದೆರಡು ಹೆಜ್ಜೆ ಜಾಸ್ತಿ ಇದೆ ಅನ್ನೋ ಗುಮಾನಿ. ಅದನ್ನು ಅವರು ನನಗೆ ಹೇಳಿದ ರೀತಿ ಇದೆಯಲ್ಲ, ಧ್ವನಿ ತಗ್ಗಿಸಿ, ಬೇಲಿ ಕಡೆ ಒಂದು ಕಣ್ಣಿಟ್ಟು, ಅಂಥ ಜರ್ಮನ್ ಯಾವ ಪಠ್ಯಪುಸ್ತಕದಲ್ಲೂ ಸಿಗಲ್ಲ.

ಜೂನ್ ಕೊನೆ. ಕೆಂಪು ಕರಂಟ್ ಹಣ್ಣು ಗೊಂಚಲು ಗೊಂಚಲಾಗಿ ಬಿಟ್ಟಿದ್ದವು. ಬಿಡಿಸೋದು ಹೇಗೆ ಅಂತ ತೋರಿಸಿದರು: ಗೊಂಚಲನ್ನು ತುದಿಯಲ್ಲಿ ಹಿಡಿದು, ಊಟದ ಫೋರ್ಕಿನ ಹಲ್ಲುಗಳ ನಡುವೆ ಕಡ್ಡಿ ಸಿಕ್ಕಿಸಿ, ಮೇಲಿಂದ ಕೆಳಕ್ಕೆ ಒಂದೇ ಎಳೆತ. ಹಣ್ಣೆಲ್ಲ ಟಪಟಪ ಬಟ್ಟಲಿಗೆ ಬೀಳುತ್ತೆ, ಕಡ್ಡಿ ಕೈಯಲ್ಲಿ ಉಳಿಯುತ್ತೆ. ನಾನು ಜೋರಾಗಿ ಎಳೆದು ಅಂಗಿ ತುಂಬಾ ರಸ ಮಾಡಿಕೊಂಡೆ. ಕೈಗೆ ಇಂಥ ಕೆಲಸ ಇದ್ದರೆ ಮಾತು ತಾನಾಗಿ ಬರುತ್ತೆ. ಮುಖ ಮುಖ ನೋಡುತ್ತಾ ಕೂತು "ಬನ್ನಿ, ಸಂಭಾಷಣೆ ಮಾಡೋಣ" ಅಂದರೆ ಬರಲ್ಲ. ಸುಮ್ಮನಿದ್ದರೂ ಯಾರಿಗೂ ಮುಜುಗರ ಇಲ್ಲ, ಕೈ ಆಡುತ್ತಿರುತ್ತೆ.

ಅವರ ಸ್ಯಾಕ್ಸನ್ ಮೊದಲ ಮಧ್ಯಾಹ್ನ ನನಗೆ ಒಂದಕ್ಷರ ಅರ್ಥವಾಗಲಿಲ್ಲ, ನಿಜ. ಪ ಬರಬೇಕಾದ ಕಡೆ ಬ, ಟ ಬರಬೇಕಾದ ಕಡೆ ಡ, ಕ ಇರಬೇಕಾದ ಕಡೆ ಗ. ಎಲ್ಲಾ ಮೆತ್ತಗೆ. ಆದರೆ ಈ ಒಂದು ಸೂತ್ರ ಕಿವಿಗೆ ಹತ್ತಿದ ಮೇಲೆ ಅರ್ಧ ಮಂಜು ಕರಗಿತು. ಅವರ ಹಾಗೆ ನಾನು ಮಾತಾಡೋಕೆ ಶುರು ಮಾಡಿದೆನಾ? ಇಲ್ಲ. ಅಷ್ಟು ಚಿಕ್ಕ ಅವಧಿಯಲ್ಲಿ ಯಾರ ಉಚ್ಚಾರಣೆಯೂ ನಿಮಗೆ ಅಂಟಿಕೊಳ್ಳಲ್ಲ. ಅಂಟಿಕೊಂಡರೆ ಹಬ್ಬ ಮಾಡಿ, ಅಷ್ಟು ಜರ್ಮನ್ ಕಿವಿಗೆ ಬಿತ್ತು ಅಂತ ಅರ್ಥ.

ಒಂದು ಸಂಜೆ 1989ರ ಕಥೆ ಬಂತು, ಪೂರ್ವ ಜರ್ಮನಿಯ ಸರ್ಕಾರದ ವಿರುದ್ಧ ಜನ ಬೀದಿಗಿಳಿದ ವರ್ಷ. ನಿಕೋಲಾಯ್ ಚರ್ಚಿನ ಸೋಮವಾರದ ಪ್ರಾರ್ಥನೆಗಳು, ಅಕ್ಟೋಬರ್ 9ರ ರಾತ್ರಿ ಊರಿನ ರಿಂಗ್ ರಸ್ತೆಯಲ್ಲಿ ಸುಮಾರು 70,000 ಜನ ನಡೆದದ್ದು, ಪೊಲೀಸರು ಗುಂಡು ಹಾರಿಸುತ್ತಾರೋ ಏನೋ ಅನ್ನೋ ಭಯ, ಕೊನೆಗೆ ಹಾರಿಸದೇ ಇದ್ದದ್ದು. ನಾನು ಆಮೇಲೆ, ಆಮೇಲೆ ಅಂತ ಕೇಳುತ್ತಾ ಹೋದೆ. ಎಲ್ಲಾ ಅರ್ಥವಾಯಿತು ಅಂದುಕೊಂಡು ರಾತ್ರಿ ಡೈರಿಯಲ್ಲಿ ಬರೆದೆ, ಅಜ್ಜಿ ಆ ಮೆರವಣಿಗೆಯಲ್ಲಿದ್ದರು ಅಂತ. ಮಾರನೇ ದಿನ ಅವರ ಧೈರ್ಯವನ್ನು ನನ್ನ ಮುರುಕು ಜರ್ಮನ್‌ನಲ್ಲಿ ಹೊಗಳಿದೆ. ಅಜ್ಜಿ ಫೋರ್ಕು ಕೆಳಗಿಟ್ಟು ನಕ್ಕರು. ಹೋದದ್ದು ಅವರಲ್ಲ, ತಾತ. ಸ್ಕೂಲಿಗೆ ಹೋಗುವ ಮಗನನ್ನು ನೋಡಿಕೊಂಡು ಮನೆಯಲ್ಲೇ ಇದ್ದೆ, ಹೋಗಬೇಡ ಅಂತ ಜಗಳ ಕೂಡ ಆಡಿದ್ದೆ ಅಂದರು. ಆ ಮಗನೇ ಚೀಟಿಯ ಅಪ್ಪ. ಇಡೀ ಕಥೆಯಲ್ಲಿ ಒಂದು ಪುಟ್ಟ "ಇಲ್ಲ" ನನ್ನ ಕಿವಿ ತಪ್ಪಿಸಿಕೊಂಡಿತ್ತು. ಜರ್ಮನ್‌ನಲ್ಲಿ ಅದು ವಾಕ್ಯದ ನಡುವೆ ಎಲ್ಲೋ ಮೆಲ್ಲಗೆ ಬಂದುಹೋಗುತ್ತೆ, ನಮ್ಮ ಹಾಗೆ ಕೊನೆಯಲ್ಲಿ ಕಾದು ಕೂತಿರಲ್ಲ. ಅಜ್ಜಿ ಮತ್ತೆ ಮೊದಲಿಂದ ಹೇಳಿದರು, ಇನ್ನೂ ನಿಧಾನಕ್ಕೆ. ಸ್ಕೂಲಿನಲ್ಲಿ ಎಷ್ಟು ಸಲ ಬರೆದರೂ ಕೂರದ ಭೂತಕಾಲ ಆ ಎರಡನೇ ಸಲದ ಕಥೆಯಲ್ಲಿ ಕೂತಿತು.

ಹಾಗಾಗಿ ಹ್ಯಾನೋವರ್ ವಿಷಯ ಬಿಟ್ಟುಬಿಡಿ. ಅಲ್ಲಿಯ ಜರ್ಮನ್ ಅತಿ ಶುದ್ಧ ಅನ್ನೋ ಹೆಸರು ಇರೋದು ನಿಜ. ಆದರೆ ಅದಕ್ಕೆ ಕಾರಣ ಕೇಳಿದರೆ ನಿಮಗೇ ನಗು ಬರುತ್ತೆ. ಆ ಉತ್ತರದ ಕಡೆಯವರ ಹಳೆಯ ಮನೆಮಾತು ಲೋ ಜರ್ಮನ್, ಅದು ಬೇರೆಯೇ. ಅವರು ಇಂದಿನ ಜರ್ಮನ್ನನ್ನು ಬಹುಮಟ್ಟಿಗೆ ಬರಹದಿಂದ, ನಿಮ್ಮ ಹಾಗೇ ಪುಸ್ತಕ ನೋಡಿಕೊಂಡು ಕಲಿತವರು, ಅಕ್ಷರ ಇದ್ದ ಹಾಗೇ ಉಚ್ಚರಿಸಿದವರು. ಇನ್ನು ನೀವು ಹೆದರುತ್ತಿರುವ ಸ್ಯಾಕ್ಸನಿ? ಧರ್ಮಸುಧಾರಕ ಲೂಥರ್ 1522ರಲ್ಲಿ ಬೈಬಲಿನ ಹೊಸ ಒಡಂಬಡಿಕೆಯನ್ನು ಜರ್ಮನ್‌ಗೆ ತಂದಾಗ ಆಧಾರ ಮಾಡಿಕೊಂಡದ್ದು ಸ್ಯಾಕ್ಸನಿಯ ಆಸ್ಥಾನದ ಕಚೇರಿ ಭಾಷೆಯನ್ನು. ಲೈಪ್‌ಜಿಗ್‌ನ ಪ್ರೊಫೆಸರ್ ಗಾಟ್‌ಶೆಡ್ 1748ರಲ್ಲಿ ಜರ್ಮನ್ ವ್ಯಾಕರಣ ಬರೆದಾಗಲೂ ಈ ಕಡೆಯ ಓದಿದವರ ಮಾತೇ ಮಾದರಿ. ಇವತ್ತು ಅದೇ ಸ್ಯಾಕ್ಸನ್ ಟಿವಿ ಹಾಸ್ಯಗಾರರ ಕೈಗೆ ಸಿಕ್ಕಿದೆ. ಚೆಂದ, ಕೆಟ್ಟದ್ದು ಅನ್ನೋದೆಲ್ಲ ಕಾಲಕ್ಕೆ ತಕ್ಕ ಹಾಗೆ. ಅಷ್ಟಕ್ಕೂ ಸ್ಕೂಲಿನಲ್ಲಿ ಟೀಚರ್‌ಗಳು, ನಿಮ್ಮ ವಯಸ್ಸಿನ ಹುಡುಗರು ಮಾತಾಡೋದು ಬಹಳ ಮಟ್ಟಿಗೆ ನಿಮ್ಮ ಪುಸ್ತಕದ ಜರ್ಮನ್ನೇ.

ಬಿ1 ಮುಗಿಸಿ ಹೋಗೋದಂತೂ ಬೇಡವೇ ಬೇಡ. ಮುಂದಿನ ವರ್ಷ ನಿಮಗೆ ಬೋರ್ಡ್ ಪರೀಕ್ಷೆ, ಅದರ ಮುಂದಿನ ವರ್ಷ ಸ್ಕೂಲೇ ಇರಲ್ಲ, ಎಕ್ಸ್‌ಚೇಂಜ್ ಯಾರು ಕೊಡುತ್ತಾರೆ? ಎ2 ಸಾಕು. ಸಾಲದೇ ಇರೋದು ಮನೆಯೊಳಗಿನ ಮಾತು. ನಮಗೆ ಹೋಟೆಲ್ ರೂಮ್ ಬುಕ್ ಮಾಡೋದು ಬರುತ್ತಿತ್ತು, "ಈ ಪಾತ್ರೆ ಎಲ್ಲಿಡಲಿ" ಅನ್ನೋದು ಬರುತ್ತಿರಲಿಲ್ಲ. ಹೋಗೋ ಮುಂಚೆ ಅಡುಗೆಮನೆ, ಬಚ್ಚಲು, ಕಸ, ಇಷ್ಟರ ಮಾತು ಕಲಿತುಕೊಳ್ಳಿ. ಕಸ ಅಂದೆ ಅಂತ ನಗಬೇಡಿ, ಪೇಪರ್‌ಗೆ ನೀಲಿ ಡಬ್ಬ, ಪ್ಯಾಕಿಂಗ್‌ಗೆ ಹಳದಿ, ತರಕಾರಿ ಸಿಪ್ಪೆಗೆ ಕಂದು, ಯಾವುದು ಎಲ್ಲಿಗೆ ಅಂತ ಕೇಳುತ್ತಾ ದಿನಾ ಹತ್ತು ನಿಮಿಷ ಮಾತಾಡಬಹುದು. ಖಾಲಿ ಬಾಟಲಿ ಅಂಗಡಿಯ ಮಿಷನ್‌ಗೆ ವಾಪಸ್ ಹಾಕೋಕೆ ಯಾರಾದರೂ ಹೊರಟರೆ ಜೊತೆಗೆ ಹೋಗಿ, ಒಮ್ಮೆ ಬಳಸಿ ಬಿಡುವ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ವಾಪಸ್ ಬರುತ್ತೆ, ದಾರಿಯುದ್ದಕ್ಕೂ ಮಾತೂ ಸಿಗುತ್ತೆ.

ಇನ್ನೊಂದು, ವಾಕ್ಯ ಕಟ್ಟುವಾಗ ಇಂಗ್ಲಿಷ್ ಮೂಲಕ ಹೋಗಬೇಡಿ. "ನಿನ್ನೆ ಮಳೆ ಬಂದಿದ್ದರಿಂದ" ಅನ್ನೋ ಥರದ ತುಂಡು ಬಂದಾಗ ಜರ್ಮನ್‌ನಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತೆ, ನಮ್ಮ ಹಾಗೇ. ಇಂಗ್ಲಿಷ್‌ನವರು ಇದಕ್ಕೆ ಒದ್ದಾಡುತ್ತಾರೆ, ನಾವು ಯಾಕೆ ಒದ್ದಾಡಬೇಕು? ಮನೆಯವರಿಗೆ "ನೀನು" ಅನ್ನೋಕೂ ಹಿಂಜರಿಯಬೇಡಿ, ಅವರೇ ಹಾಗೆ ಕರಿ ಅನ್ನುತ್ತಾರೆ. ನಾವು ಅಮ್ಮನಿಗೂ ಅಜ್ಜಿಗೂ ನೀನು ಅನ್ನಲ್ವಾ, ಹಾಗೇ ಅಂದುಕೊಳ್ಳಿ. ಸ್ಕೂಲಿನ ಟೀಚರ್‌ಗೆ ಮಾತ್ರ "ನೀವು" ತಪ್ಪಿಸಬೇಡಿ.

ಸ್ಕೂಲಿನಲ್ಲಿ ಯಾವ ಕ್ಲಾಸಿಗೆ ಕೂರುತ್ತೀಯಾ ಅಂತ ಕೇಳಿದರೆ ಇಂಗ್ಲಿಷ್ ಕ್ಲಾಸ್ ಬೇಡ ಅನ್ನಿ. ಅಲ್ಲಿ ನಿಮ್ಮನ್ನು ಮುಂದೆ ನಿಲ್ಲಿಸಿ ಭಾರತದ ಬಗ್ಗೆ ಮಾತಾಡಿಸುತ್ತಾರೆ, ಆ ಗಂಟೆ ಹೋಯಿತು ಅಂತಲೇ ಲೆಕ್ಕ. ಜರ್ಮನ್ ಕ್ಲಾಸೂ ಬೇಡ, ಹಳೆಯ ಪದ್ಯ ವಿಶ್ಲೇಷಣೆ ನಡೀತಿರುತ್ತೆ. ಆಟ, ಚಿತ್ರಕಲೆ, ಕೆಮಿಸ್ಟ್ರಿ ಲ್ಯಾಬ್, ಇಂಥವಕ್ಕೆ ಹೋಗಿ. ಹಿಡಿ, ಸುರಿ, ಬಿಡು, ಇತ್ತ ಕೊಡು ಅನ್ನೋ ಕಡೆ ಕಣ್ಣಿಗೆ ಕಂಡದ್ದು ಕಿವಿಗೂ ಕೇಳುತ್ತೆ. ನಿಮ್ಮ ಸ್ಕೂಲಿನವರ ಜೊತೆ ಗುಂಪು ಕಟ್ಟಿಕೊಂಡು ತಿರುಗಬೇಡಿ ಅಂತ ಎಲ್ಲರೂ ಹೇಳಿರುತ್ತಾರೆ, ನಾನು ಮತ್ತೆ ಹೇಳಲ್ಲ. ವೀಸಾ, ಇನ್ಶೂರೆನ್ಸ್ ಎಲ್ಲಾ ಸ್ಕೂಲಿನವರು ಮಾಡಿಸುತ್ತಾರೆ, ಅಪ್ಪ ಅಮ್ಮ ಇಬ್ಬರೂ ಸಹಿ ಹಾಕಬೇಕು, ಒಬ್ಬರು ಊರಲ್ಲಿಲ್ಲದಿದ್ದರೆ ಈಗಲೇ ಹೇಳಿಡಿ.

ಆ ಫಾರಂನಲ್ಲಿ ಬರೆಯೋದು ಇಷ್ಟೇ: ಜರ್ಮನ್ ಮಾತಾಡೋಕೆ ಬರುತ್ತಿದ್ದೇನೆ. ದಯವಿಟ್ಟು ಮನೆಯಲ್ಲಿ ನನ್ನ ಜೊತೆ ಜರ್ಮನ್‌ನಲ್ಲೇ ಮಾತಾಡಿ, ನಿಧಾನವಾಗಿ. ಅರ್ಥವಾಗದಿದ್ದರೆ ನಾನೇ ಕೇಳುತ್ತೇನೆ. ಇಂಗ್ಲಿಷ್ ಎಷ್ಟು ಬರುತ್ತೆ ಅಂತ ಜಾಗ ಇದ್ದರೆ "ಸ್ವಲ್ಪ" ಅಂತ ಬರೆಯಿರಿ, ನಮ್ಮ ವಿನಯ ಅಲ್ಲಿ ಉಪಯೋಗಕ್ಕೆ ಬರಲಿ.

ಫಾರಂ ಆಗಲೇ ಕಳಿಸಿಬಿಟ್ಟಿದ್ದರೆ ಈ ವಾರವೇ ಆ ಮನೆಯವರಿಗೆ ನೀವೇ ಒಂದು ಮೇಲ್ ಹಾಕಿ, ಜರ್ಮನ್‌ನಲ್ಲಿ. ಆರೇಳು ಸಾಲು ಸಾಕು. ಟೀಚರ್ ಹತ್ತಿರ ತಿದ್ದಿಸಬೇಡಿ, ಟ್ರಾನ್ಸ್‌ಲೇಟರ್‌ಗೂ ಹಾಕಬೇಡಿ. ತಪ್ಪಿಲ್ಲದ ಮೇಲ್ ಹೋದರೆ ಅದು ನಿಮ್ಮ ಭಾಷೆ ಅಂತಲೇ ನಂಬಿ, ಸ್ಟೇಷನ್‌ನಲ್ಲೇ ಮೂರು ಜನ ಒಟ್ಟಿಗೆ ಗಡಗಡ ಅಂತ ಶುರು ಮಾಡಿಬಿಡುತ್ತಾರೆ.